ಮಾವನ ಕಣ್ಣಿಗೆ ಹೊಂದಿದ ಕುರ್ಚಿ

ನನ್ನ ಮಾವ ಮರ ನೆಕ್ಕುತ್ತಾರೆ. ಮದುವೆಗೆ ಮುಂಚೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಫಿ ಕೊಡೋಣವೆಂದು ಹಿತ್ತಲ ಶೆಡ್ಡಿಗೆ ಹೋದರೆ, ಈ ಮನುಷ್ಯ ಯಾರದೋ ಮನೆಯ ಬೀರುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಬಾಗಿಲಿಗೆ ಹೊಸದಾಗಿ ಕೂಡಿಸಿದ ಪಟ್ಟಿಯನ್ನು ಹಸುವಿನ ಹಾಗೆ ನೆಕ್ಕುತ್ತಿದ್ದರು. ನಾನು ಲೋಟ ಹಿಡಿದುಕೊಂಡೇ ವಾಪಸು ಬಂದೆ. ಅತ್ತೆ ಒಲೆಯ ಮುಂದಿನಿಂದ ತಿರುಗಿ ಕೂಡ ನೋಡಲಿಲ್ಲ.

"ಹೆದರ್ಕೋಬೇಡ, ಕಚ್ಚಲ್ಲ," ಅಂದರು.

ಮಾವನ ಕಸುಬು ಪಾಲಿಶ್. ಅದರಲ್ಲೂ ಹೊಂದಿಸುವ ಪಾಲಿಶ್. ಯಾರದೋ ಮನೆಯಲ್ಲಿ ಹಳೇ ಮೇಜಿನ ಕಾಲು ಮುರಿದಿರುತ್ತದೆ, ಬಡಗಿ ಹೊಸ ಕಾಲು ಕಡೆದು ಕೂಡಿಸಿರುತ್ತಾನೆ. ಹಳೆಯದು ಕಂದು, ಹೊಸದು ಸಿಪ್ಪೆ ಸುಲಿದ ಆಲೂಗಡ್ಡೆ. ಎರಡೂ ಒಂದೇ ಮರದಲ್ಲಿ, ಒಂದೇ ದಿನ ಹುಟ್ಟಿದವು ಅನ್ನುವ ಹಾಗೆ ಮಾಡಿಕೊಡುವುದು ಮಾವನ ಕೆಲಸ. ಹೊಸ ಮರಕ್ಕೆ ಪಾಲಿಶ್ ಬಿದ್ದರೆ ಯಾವ ಬಣ್ಣ ಬರುತ್ತದೆ ಎಂದು ತಿಳಿಯಲು ಅದನ್ನು ಒದ್ದೆ ಮಾಡಿ ನೋಡಬೇಕಂತೆ. ಎಲ್ಲರೂ ಬಟ್ಟೆಯಲ್ಲಿ ನೀರು ಒತ್ತಿ ನೋಡುತ್ತಾರೆ. ಇವರು ನಾಲಿಗೆ ಹಾಕುತ್ತಾರೆ. ಕೇಳಿದರೆ, "ನೀರು ಕುಡ್ದುಬಿಡುತ್ತೆ ಮರ. ಎಂಜಲು ನಿಲ್ಲುತ್ತೆ, ಬಣ್ಣ ತೋರ್ಸುತ್ತೆ," ಅನ್ನುತ್ತಾರೆ. ಹೊಸ ಮರವನ್ನಾದರೂ ನೆಕ್ಕಿಕೊಳ್ಳಲಿ. ಆದರೆ ಪಕ್ಕದ ಹಳೆಯ ಮರ ಯಾವ ಜಾತಿ ಎಂದು ಅನುಮಾನ ಬಂದರೆ, ಅದರ ಒಳಮೂಲೆಯನ್ನು ಉಗುರಿನಿಂದ ಕೆರೆದು ಅದಕ್ಕೂ ನಾಲಿಗೆ ತಾಗಿಸುತ್ತಿದ್ದರು.

ಆ ಹಳೆಯ ಸಾಮಾನುಗಳನ್ನು ನೋಡಿದವರಿಗೆ ಗೊತ್ತು. ಹಾಲ್‌ನಲ್ಲಿ ಕೂತಾಗ ಹೊಳೆಯುವ ಕುರ್ಚಿ ಶೆಡ್ಡಿಗೆ ಬಂದು ಕಾಲು ಮೇಲೆ ಮಾಡಿ ಮಲಗಿದಾಗ ಅದರ ಬಂಡವಾಳ ಹೊರಗೆ ಬೀಳುತ್ತದೆ. ಸೀಟಿನ ಅಡಿಯಲ್ಲಿ ಒರೆಸಿದ ಅನ್ನ ಒಣಗಿ ಕಲ್ಲಾಗಿರುತ್ತದೆ. ಅದರ ಪಕ್ಕದಲ್ಲಿ ಯಾವುದೋ ಮಗುವಿನ ಸಿಂಬಳ. ತಲೆ ಒರಗುವ ಜಾಗದಲ್ಲಿ ಎಣ್ಣೆ ಜಿಡ್ಡು ಚರ್ಮದ ಹಾಗೆ ಕಟ್ಟಿರುತ್ತದೆ, ಉಗುರು ಹಾಕಿದರೆ ಸುರುಳಿ ಸುರುಳಿಯಾಗಿ ಬರುತ್ತದೆ. ದೊಡ್ಡ ಮನೆಯವರದು, ಸಣ್ಣ ಮನೆಯವರದು ಎಂಬ ಭೇದವಿಲ್ಲ. ನಾಲ್ಕು ಜನ ಬಂದು ಕೂರುವ ಕುರ್ಚಿಯ ಕೆಳಗೆ ಎಲ್ಲರ ಮನೆಯದೂ ಅದೇ ಹೇಸಿಗೆ. ನನಗೆ ಈಗಲೂ ಯಾರ ಮನೆಗಾದರೂ ಹೋದರೆ ಕುರ್ಚಿಯ ಅಂಚಿನ ಕೆಳಗೆ ಬೆರಳು ಹಾಕಲು ಆಗುವುದಿಲ್ಲ. ಕೈ ಮಡಿಲಲ್ಲೇ ಇಟ್ಟುಕೊಂಡು ಕೂರುತ್ತೇನೆ. ತುಂಬ ಮರ್ಯಾದಸ್ಥೆ ಅಂದುಕೊಳ್ಳುತ್ತಾರೆ.

ಮಾವನಿಗೆ ಬಡಗಿಗಳ ಬೀದಿಯಲ್ಲಿ 'ಕಣ್ಕಟ್ಟು' ಎಂದು ಹೆಸರು. ಅವರ ಕೆಲಸ ನೋಡಿದವರಿಗೆ ಹೊಸದು ಯಾವುದು ಹಳೆಯದು ಯಾವುದು ಗೊತ್ತಾಗುವುದಿಲ್ಲ, ಅದಕ್ಕೆ. ಈ ಹೆಸರನ್ನು ಅವರು ಬಿರುದಿನ ಹಾಗೆ ಹೊತ್ತು ತಿರುಗುತ್ತಾರೆ. ಕೆಲಸ ಮುಗಿದ ಮೇಲೆ ಸಾಮಾನಿನ ಯಜಮಾನರನ್ನು ಕರೆದು ನಿಲ್ಲಿಸಿ, "ಹೊಸ ಕಾಲು ಯಾವ್ದು, ಮುಟ್ಟಿ ತೋರ್ಸಿ ನೋಡೋಣ," ಎಂದು ಸವಾಲು ಹಾಕುವುದು ಅವರ ಪದ್ಧತಿ. ಪಾಪ, ಆ ಜನ ಬಗ್ಗಿ ಎದ್ದು, ಅಳೆದು ಸುರಿದು, ತಪ್ಪಾದ ಕಾಲನ್ನು ಮುಟ್ಟುತ್ತಾರೆ. ಆಗ ಮಾವ ನಗುತ್ತಾರೆ. ಆ ನಗು ಅರ್ಧ ದಾರಿಯಲ್ಲಿ ಕೆಮ್ಮಾಗಿ, ಕೆಮ್ಮು ಕಫವಾಗಿ, ಕಫ ಶೆಡ್ಡಿನ ಮೂಲೆಗೆ ಹೋಗಿ ಬೀಳುತ್ತದೆ. ಆ ಮೂಲೆಯನ್ನು ತೊಳೆಯುವವಳು ನಾನು.

ಸ್ಪಿರಿಟ್, ಅರಗು, ಬೆವರು ಮೂರೂ ಕಲೆತ ಒಂದು ವಾಸನೆ ಅವರಿಗಿಂತ ಮುಂಚೆ ಮನೆಯೊಳಗೆ ಬರುತ್ತದೆ. ಬನಿಯನ್ ಯಾವ ಬಣ್ಣದ್ದು ಎಂದು ಅಂಗಡಿಯವನಿಗೆ ಮಾತ್ರ ಗೊತ್ತು. ಕೈ ಒರೆಸಲು ಅಡುಗೆಮನೆಯ ಬಾಗಿಲ ಪರದೆಯೇ ಆಗಬೇಕು. ಇಷ್ಟೆಲ್ಲ ಸಹಿಸಬಹುದಿತ್ತು. ಮಗು ಹುಟ್ಟಿದ ಮೇಲೆ ನನಗೆ ಸಹನೆ ಸಾಲದಾಯಿತು. ಕಂದು ಬಣ್ಣ ಹಿಡಿದ ಆ ಹೆಬ್ಬೆರಳನ್ನು ಬಾಯಲ್ಲಿ ಅದ್ದಿ ಮಗುವಿನ ಕೆನ್ನೆಯ ಮೇಲಿನ ಹಾಲಿನ ಕಲೆ ಒರೆಸಲು ಬಂದಾಗ ನಾನು ಮಗುವನ್ನು ಸರಕ್ಕನೆ ಎತ್ತಿಕೊಂಡುಬಿಟ್ಟೆ.

"ಮಾವ, ನೀವು ನಿಮ್ಮ ಮೇಜು ಒರ್ಸಿಕೊಳ್ಳಿ. ಇದನ್ನ ನಾನು ಒರೆಸ್ತೀನಿ."

"ನಿನ್ನ ಗಂಡನೂ ಇದೇ ಎಂಜಲಲ್ಲಿ ಬೆಳ್ದವನೇ ಕಣಮ್ಮಾ."

"ಅದಕ್ಕೇ ಹೇಳ್ತಿರೋದು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾವ ಕೋಪ ಮಾಡಿಕೊಳ್ಳಲಿಲ್ಲ. ಅವರಿಗೆ ನಾನು ಹೇಸಿಕೊಳ್ಳುವುದು ಒಂದು ತಮಾಷೆ. ಊಟಕ್ಕೆ ಕೂತಾಗ ಬೇಕೆಂದೇ ನನ್ನ ಮುಂದೆ ಬೆರಳು ಚೀಪಿ, "ತೇಗದ ರುಚಿಯೇ ಬೇರೆ," ಅನ್ನುವರು. ಮನೆಯವರೆಲ್ಲ ಅವರ ಕೆಲಸವನ್ನು ಹೊಗಳುವಾಗ ನಾನೊಬ್ಬಳು ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದೆ. ನನ್ನ ಬಾಯಿಂದ ಒಂದು ಒಳ್ಳೆ ಮಾತು ಬರಲಿಲ್ಲವೆಂದು ಅವರೇ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದರು.

ಕಣ್ಣಿನ ವಿಷಯ ಮೊದಲು ಗಮನಿಸಿದ್ದು ಅತ್ತೆ. ಒಗೆದು ಒಣಗಿಸಿದ್ದ ಮಗುವಿನ ಬಿಳಿ ಅಂಗಿಯನ್ನು ನೋಡಿ ಮಾವ, "ಇದು ಯಾಕೆ ಹಳದಿ ಹಿಡ್ದಿದೆ, ಸರಿಯಾಗಿ ಒಗೀರಿ," ಅಂದರು. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ. ಎಡಗಡೆಯದು ಗಟ್ಟಿಯಾಗಿಬಿಟ್ಟಿದೆ, ಬಲಗಡೆಯದು ಅದೇ ದಾರಿಯಲ್ಲಿದೆ, ಆಪರೇಷನ್ ಮಾಡಿಸಿಬಿಡಿ, ತಡವಾದಷ್ಟೂ ಕಷ್ಟ ಎಂದರು ಡಾಕ್ಟರಮ್ಮ. ಕಂದು ಗಾಜಿನೊಳಗಿಂದ ಲೋಕ ನೋಡಿದ ಹಾಗೆ ಕಾಣುತ್ತಿರುತ್ತದೆ ಇವರಿಗೆ, ಎಂದೂ ಹೇಳಿದರು.

ಮಾವ ಆಸ್ಪತ್ರೆಯ ಮೆಟ್ಟಿಲಿನ ಮೇಲೆಯೇ ತೀರ್ಪು ಕೊಟ್ಟರು.

"ಕಣ್ಣು ಸರಿ ಇಲ್ದೇ ಇದ್ರೆ ನನ್ನ ಬಣ್ಣ ಹೊಂದ್ತಿತ್ತಾ? ಹೋದ ವಾರ ಆ ಮಂಚ ಮಾಡ್ಕೊಟ್ನಲ್ಲ, ಯಾರಾದ್ರೂ ಹೊಸ ಪಟ್ಟಿ ಯಾವ್ದು ಅಂತ ಹೇಳಿದ್ರಾ? ಈಯಮ್ಮ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದ್ಲು, ನಾನು ಕೆಲಸದಲ್ಲಿ ನೋಡ್ತೀನಿ."

ನಿಜವಾಗಿಯೂ ಮಂಚ ಹೊಂದಿತ್ತು. ನಾನೇ ನೋಡಿದ್ದೆ.

ಆಮೇಲೆ ಔಷಧಿ ಅಂಗಡಿಯವರ ಮನೆಯ ಕುರ್ಚಿ ಬಂತು. ಊಟದ ಮೇಜಿನ ಸುತ್ತ ಇಡುವ ಕುರ್ಚಿಗಳಲ್ಲಿ ಒಂದು ಮುರಿದಿತ್ತು. ಬಡಗಿ ಅದೇ ಅಚ್ಚಿನಲ್ಲಿ ಹೊಸದೊಂದು ಮಾಡಿಕೊಟ್ಟಿದ್ದ. ಹೊಂದಿಸಲು ಮಾದರಿಯೆಂದು ಹಳೆಯದೊಂದನ್ನು ಜೊತೆಗೆ ಕಳಿಸಿದ್ದರು. ಹಳೆಯದು ಕೆಂಪು ಕಂದು, ಒಳಗಿನಿಂದ ದೀಪ ಹಚ್ಚಿದ ಹಾಗಿರುವ ಬಣ್ಣ. ಅಂಗಡಿಯವರ ಹೆಂಡತಿ ಬಹಳ ಸೂಕ್ಷ್ಮ. "ನಮ್ಮಮ್ಮನ ಮನೆಯಿಂದ ಬಂದ ಸೆಟ್ಟು, ಒಂದು ಬೇರೆ ಕಂಡ್ರೂ ನಾನು ಅದರ ಮೇಲೆ ಕೂತು ಊಟ ಮಾಡಲ್ಲ," ಎಂದು ಹೇಳಿ ಹೋದರು. ಅವರ ಅಮ್ಮನ ಕಾಲದ ಸಾರು ಕುರ್ಚಿಯ ಅಡ್ಡಪಟ್ಟಿಯ ಸಂದಿಯಲ್ಲಿ ಇನ್ನೂ ಹಾಗೇ ಇತ್ತು, ಅದು ಅವರಿಗೆ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಮಾವ ಒಳಗೆ ಊಟಕ್ಕೆ ಕೂತಿದ್ದರು. ಅವರ ಜೊತೆಗೇ ಕೆಲಸ ಮಾಡುವ ನನ್ನ ಗಂಡ ಇನ್ನೂ ಬರಲಿಲ್ಲವಲ್ಲ ಎಂದು ಕರೆಯಲು ಶೆಡ್ಡಿಗೆ ಹೋದೆ. ಇವರು ಬಾಗಿಲು ಅಡ್ಡ ಮಾಡಿಕೊಂಡು, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಹೊಸ ಕುರ್ಚಿಯ ಬೆನ್ನನ್ನು ಗಸಗಸ ಒರೆಸುತ್ತಿದ್ದರು. ಬೆಳಿಗ್ಗೆಯೆಲ್ಲ ಮಾವ ಹತ್ತಿಯ ಉಂಡೆ ಹಿಡಿದು ಪದರ ಪದರವಾಗಿ ಹಾಕಿದ್ದ ಬಣ್ಣ ಬಟ್ಟೆಗೆ ಬರುತ್ತಿತ್ತು. ಆ ಬಣ್ಣ ಬಾಳೆಹಣ್ಣಿನ ಸಿಪ್ಪೆಯದು.

"ಏನು ಮಾಡ್ತಿದ್ದೀರಿ?"

"ಬಾಗ್ಲು ಹಾಕು," ಅಂದರು.

ಅಲ್ಲಿ ನಿಂತೇ ಎಲ್ಲ ಹೇಳಿದರು. ಬೇಸಿಗೆಗೆ ಮುಂಚಿನಿಂದಲೂ ಹೀಗೇ ನಡೆದಿದೆ. ಮಾವನಿಗೆ ಎಲ್ಲವೂ ಹಳದಿಯಾಗಿ ಕಾಣುವುದರಿಂದ ಹಳದಿ ಬೇರೆಯಾಗಿ ಗೊತ್ತೇ ಆಗುವುದಿಲ್ಲ, ಎಲ್ಲ ಕಂದುಗಳೂ ಒಂದೇ. ಅವರು ಹೊಂದಿತು ಎಂದು ಕೈ ತೊಳೆದುಕೊಂಡು ಊಟಕ್ಕೆ ಹೋದ ಮೇಲೆ ಇವರು ಒರೆಸಿ ತೆಗೆದು ಹೊಸದಾಗಿ ಬಣ್ಣ ಬೆರೆಸಿ ಹಾಕುತ್ತಾರೆ. ಮಂಚವೂ ಹಾಗೆಯೇ, ಅದರ ಹಿಂದಿನ ಬೀರುವೂ ಹಾಗೆಯೇ. ಅತ್ತೆಗೆ ಗೊತ್ತು. ಸಾಮಾನು ಸಾಗಿಸುವ ಗಾಡಿಯವನಿಗೂ ಗೊತ್ತು. ಗೊತ್ತಿಲ್ಲದವರು ನಾನು ಮತ್ತು ಮಾವ.

"ಅವರಿಗೆ ಹೇಳಬಾರದಾ?"

"ಏನಂತ ಹೇಳ್ಲಿ? ಅಪ್ಪ, ನಿನ್ನ ಕೆಲಸ ಮುಗೀತು ಅಂತನಾ? ಆ ಹೆಸರೊಂದೇ ಅವರ ಹತ್ರ ಇರೋದು." ಬಟ್ಟೆಯನ್ನು ಹಿಂಡಿ ಹಾಕಿದರು. "ನೀನು ಒಂದು ಉಪಕಾರ ಮಾಡು. ಊಟ ಸ್ವಲ್ಪ ನಿಧಾನವಾಗಿ ಬಡ್ಸು. ಈ ಕುರ್ಚಿಗೆ ಟೈಮ್ ಹಿಡಿಯುತ್ತೆ."

ಗಂಡನ ಮುಖ ನೋಡಿ ಹೂಂ ಅಂದೆ. ಮಾವ ದಿನವೂ ಬಣ್ಣ ಹಾಕುವುದು, ಇವರು ದಿನವೂ ಅಳಿಸುವುದು. ಅನ್ನ ಹಾಕಿ, ಸಾರು ಮರೆತ ಹಾಗೆ ಮಾಡಿ, ಆಮೇಲೆ ಉಪ್ಪಿನಕಾಯಿ ಹುಡುಕಿ, ಮಜ್ಜಿಗೆಗೆ ನೀರು ಸೇರಿಸಲು ಹೋಗಿ ನಾನು ಹೊತ್ತು ಕಳೆಯುತ್ತಿದ್ದೆ. ಅತ್ತೆ ಎದುರು ಕೂತು, "ಆ ಕುರ್ಚಿ ನೋಡ್ದೆ ಕಣ್ರೀ, ಏನ್ ಹೊಂದಿದೆ," ಎಂದು ಬೀಸಣಿಗೆ ಬೀಸುವ ಹಾಗೆ ಹೊಗಳುವರು. ಮಾವ ಬೆರಳು ಚೀಪುತ್ತ, ಕಣ್ಣು ಕಿರಿದು ಮಾಡಿ ಸಾರಿನ ಪಾತ್ರೆಯನ್ನು ಕೈಯಲ್ಲಿ ತಡಕುತ್ತ, ಆ ಹೊಗಳಿಕೆಯನ್ನು ಅನ್ನಕ್ಕೆ ಕಲೆಸಿಕೊಂಡು ತಿನ್ನುತ್ತಿದ್ದರು. ಸಂಜೆ ಶೆಡ್ಡಿನಲ್ಲಿ ಮಗನ ಬಣ್ಣವನ್ನು ತನ್ನದೆಂದು ತಿಳಿದು ಕೈಯಾಡಿಸಿ, "ಆ ಡಾಕ್ಟರಮ್ಮನ್ನ ಕರ್ಕೊಂಡು ಬಂದು ತೋರ್ಸಿ," ಅನ್ನುತ್ತಿದ್ದರು.

ಅವರ ಎಂಜಲಿಗೆ ಹೇಸುತ್ತಿದ್ದವಳು ನಾನು. ಈಗ ಹೇಸಿಗೆ ದಿಕ್ಕು ಬದಲಿಸಿತು. ಕಫ ಉಗುಳಿದರೆ ನೀರು ಹಾಕಿ ತೊಳೆಯಬಹುದು. ಅತ್ತೆ ಬಾಯಿ ತುಂಬ ಆಡುವ ಈ ಮಾತು, ಗಾಡಿಯವನು ತುಟಿ ಕಚ್ಚಿಕೊಂಡು ಆಡಿಸುವ ತಲೆ, ನನ್ನ ಕೈಯ ಸಾರಿನ ಸೌಟು, ಇವನ್ನು ಯಾವ ನೀರಿನಲ್ಲಿ ತೊಳೆಯುವುದು? ಆ ಮನುಷ್ಯ ಆಸ್ಪತ್ರೆಗೆ ಹೋಗುವುದಿಲ್ಲ ಎನ್ನಲು ಕೊಡುತ್ತಿದ್ದ ಸಾಕ್ಷಿ ಒಂದೇ, ತನ್ನ ಕೆಲಸ. ಆ ಸಾಕ್ಷಿಯನ್ನು ದಿನವೂ ಮಧ್ಯಾಹ್ನ ನಾವು ಕೂತು ತಯಾರು ಮಾಡುತ್ತಿದ್ದೆವು. ಪ್ರೀತಿ ಅಂತೆ.

ಮಗುವಿನ ಕಣ್ಣಿಗೆ ಪಿಸುರು ಬಂದಿತ್ತೆಂದು ಅದೇ ಆಸ್ಪತ್ರೆಗೆ ಹೋದ ದಿನ ಡಾಕ್ಟರಮ್ಮ ಮಾವನನ್ನು ನೆನಪಿಟ್ಟುಕೊಂಡು ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಅವರು ಮಗುವಿನ ಕಣ್ಣಿಗೆ ಹನಿ ಹಾಕುತ್ತಲೇ, "ಇಷ್ಟು ತಡವಾದ್ಮೇಲೆ ಎಡಗಣ್ಣಿನ ಆಸೆ ನಾನು ಬಿಟ್ಟಿದ್ದೀನಿ. ಬಲಗಣ್ಣೂ ಹಾಗಾಗೋ ತನಕ ಕಾಯ್ತೀರಾ?" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಈ ಕುರ್ಚಿ ಒಂದು ಮುಗೀಲಿ," ಅಂದರು. ಮಂಚದ ಹೊತ್ತಿನಲ್ಲೂ ತಮಗೆ ತಾವೇ ಇದನ್ನೇ ಹೇಳಿಕೊಂಡಿರಬೇಕು.

ಮರುದಿನ ಮಧ್ಯಾಹ್ನ ನಾನು ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲವನ್ನೂ ಒಂದೇ ಸಲ ತಂದು ಮಾವನ ಮುಂದೆ ಇಟ್ಟೆ. ಅತ್ತೆ ಕಣ್ಣಲ್ಲೇ ಏನು ಎಂದರು. ನಾನು ನೋಡದವಳ ಹಾಗೆ ನೀರಿನ ಚೊಂಬನ್ನೂ ಇಟ್ಟೆ.

"ಏನಮ್ಮಾ, ಇವತ್ತು ಎಲ್ಲಾ ಒಂದೇ ಸಲ? ಬಸ್ಸಿಗೆ ಹೊರಟೋರಿಗೆ ಬಡ್ಸಿದ ಹಾಗೆ."

"ಬೇಗ ಊಟ ಮಾಡಿ ಮಾವ. ಶೆಡ್ಡಿಗೆ ಒಂದು ಸಲ ಹೋಗಿ ಬನ್ನಿ."

"ಏನು, ಯಾರಾದ್ರೂ ಬಂದಿದ್ದಾರಾ?"

"ನಿಮ್ಮ ಮಗ ಇದ್ದಾರೆ."

ಅತ್ತೆ, "ಕೂತ್ಕೊಳ್ರೀ, ಇನ್ನೊಂದು ಸ್ವಲ್ಪ ಅನ್ನ," ಎನ್ನುತ್ತಿದ್ದ ಹಾಗೆಯೇ ಮಾವ ಎದ್ದು, ಪರದೆಗೆ ಕೈ ಒರೆಸಿ ನಡೆದರು. ನಾನು ಮಗುವನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಶೆಡ್ಡಿನ ಬಾಗಿಲಿಗೆ ಮುಂಚೆಯೇ ಅವರು ನಿಂತರು. ಕಣ್ಣಿಗೆ ಕಾಣದ್ದು ಮೂಗಿಗೆ ಸಿಕ್ಕಿತ್ತು.

"ಥಿನ್ನರ್ ಯಾಕೆ?" ಅಂದರು. "ನಾನು ಇವತ್ತು ಥಿನ್ನರ್ ಮುಟ್ಟಿಲ್ಲ."

ಒಳಗೆ ನನ್ನ ಗಂಡನ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಮಾವ ಹತ್ತಿರ ಹೋಗಿ ಕುರ್ಚಿಯ ಬೆನ್ನಿಗೆ ಅಂಗೈ ಇಟ್ಟರು. ಅರ್ಧ ಬೆನ್ನು ನುಣುಪು, ಅರ್ಧ ಬೋಳು. ಒರೆಸಿದ ಜಾಗದ ಅಂಚನ್ನು ಬೆರಳು ಕುರುಡನ ಹಾಗೆ ಹಿಡಿದುಕೊಂಡು ಹೋಯಿತು.

"ನನ್ನ ಕೆಲಸ ಕೆಡಿಸ್ತಿದ್ದೀಯಾ?"

"ಇಲ್ಲ ಅಪ್ಪ."

"ನೀನು ಹುಟ್ಟೋಕ್ಮುಂಚೆಯಿಂದ ಹಾಕ್ತಿರೋ ಬಣ್ಣ ಕಣೋ ಇದು. ಅಷ್ಟು ಹೊಟ್ಟೆಕಿಚ್ಚಿದ್ರೆ ಬೇರೆ ಶೆಡ್ಡು ಹಾಕ್ಕೋ. ಹಿಂದಿನಿಂದ ಬಂದು ಅಳಿಸೋ ನಾಯಿಬುದ್ಧಿ ಎಲ್ಲಿಂದ ಬಂತು?"

ನನ್ನ ಗಂಡ ಬೈಗುಳವನ್ನೆಲ್ಲ ನುಂಗಿಕೊಂಡು, ಹೊಟ್ಟೆಕಿಚ್ಚಿನ ಅಪವಾದವನ್ನೂ ಹೊತ್ತುಕೊಳ್ಳಲು ತಯಾರಾಗಿ ನಿಂತರು. ಆ ತಾಳ್ಮೆಯನ್ನು ನೋಡಿ ನನಗೆ ಬಟ್ಟೆ ಕಿತ್ತುಕೊಂಡು ಅವರ ಮುಖಕ್ಕೇ ಒರೆಸೋಣ ಅನ್ನಿಸಿತು.

"ಬಾಯಿ ಬಿಡ್ರೀ," ಅಂದೆ.

"ಹಳದಿ ಆಗಿತ್ತು ಅಪ್ಪ," ಅಂದರು ನೆಲ ನೋಡುತ್ತ.

"ಯಾವ ಹಳದಿ? ಎಲ್ಲಿದೆ ಹಳದಿ?" ಮಾವ ಎರಡೂ ಕುರ್ಚಿಗಳ ಮೇಲೆ ಬಗ್ಗಿದರು. ಮೂಗು ತಾಗುವಷ್ಟು ಬಗ್ಗಿದರು. ಆಮೇಲೆ ತಲೆ ಎತ್ತಿ, ಬಾಗಿಲ ಕಡೆ, ನಾನಿರುವ ಕಡೆ ತಿರುಗಿದರು. "ಇವನ ಮಾತು ಬೇಡ. ಒಳಗಿರೋಳ ಮಾತಂತೂ ಬೇಡವೇ ಬೇಡ, ಅವಳು ನಾನು ಗೋಡೆಗೆ ಉಗುಳಿದ್ರೂ ಚೆನ್ನಾಗಿದೆ ಅಂತಾಳೆ. ನೀನು ಹೇಳು. ನಿನಗೆ ನನ್ನ ಕಂಡ್ರೆ ಹೇಸಿಗೆ. ನೀನು ಒಂದಿನವೂ ನನ್ನ ಕೆಲಸ ಹೊಗಳಿಲ್ಲ. ಹೊಂದಿದೆಯಾ ಇಲ್ವಾ?"

ಮಗು ನನ್ನ ಸರ ಹಿಡಿದು ಎಳೆಯುತ್ತಿತ್ತು. ಒರೆಸದೆ ಉಳಿದಿದ್ದ ಅರ್ಧ ಬೆನ್ನನ್ನು ನೋಡಿ ಹೇಳಿದೆ.

"ಇಲ್ಲ ಮಾವ. ಎರಡೂ ಬೇರೆ ಬೇರೆ ಮನೆ ಕುರ್ಚಿ ಥರ ಕಾಣುತ್ತೆ. ಮಂಚವನ್ನೂ ಇವರೇ ತಿದ್ದಿದ್ದು. ಬೀರುವನ್ನೂ."

ಮಾವ ಹೊಸ ಕುರ್ಚಿಯ ಮೇಲೆಯೇ ಕೂತುಬಿಟ್ಟರು. ಥಿನ್ನರ್ ಹಸಿ ಪಂಚೆಗೆ ಹತ್ತುತ್ತಿತ್ತು. ಆಮೇಲೆ ಅವರು ಕೇಳಿದ್ದು ಕಣ್ಣಿನ ವಿಷಯವಲ್ಲ.

"ಮಂಚದವರನ್ನ ನಾನು ನಿಲ್ಲಿಸಿ ಕೇಳ್ದೆನಲ್ಲ, ಹೊಸ ಪಟ್ಟಿ ಯಾವ್ದು ತೋರ್ಸಿ ಅಂತ. ಆಗ ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ," ಅಂದರು ನನ್ನ ಗಂಡ.

"ನಗ್ತಾ ಇದ್ದೆ."

"ಇಲ್ಲ ಅಪ್ಪ."

"ನಾನು ನಗ್ತಾ ಇದ್ದೆ ಕಣೋ." ಮುಖ ಹುಳಿ ಹಿಂಡಿದ ಹಾಗಾಯಿತು. "ಥೂ."

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ಅಳಲು ಶುರು ಮಾಡಿದರು. "ನಿನ್ನ ನಾಲಿಗೆಗೆ ಎಲುಬಿಲ್ವಾ," ಎಂದು ನನ್ನನ್ನು ಬಯ್ದರು. ಮಾವ ಎದ್ದು, "ಈ ಕುರ್ಚಿ ಹೀಗೇ ಇರ್ಲಿ. ನಾನು ನನ್ನ ಕಣ್ಣಲ್ಲಿ ನೋಡೋ ತನಕ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಹೇಳಿ ಹೊರಗೆ ಹೋದರು. ಔಷಧಿ ಅಂಗಡಿಯವರ ಹೆಂಡತಿಗೆ ಸಮಾಧಾನ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಎರಡು ಕುರ್ಚಿ ಕಡಿಮೆಯಾದದ್ದಕ್ಕೆ ಮನೆಯಲ್ಲಿ ಸಾವಾದ ಹಾಗೆ ಮಾತಾಡಿದರು.

ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೂ ಮಾಡುತ್ತೇನೆ, ಬೆಳಕು ಕಂಡರೆ ನಿಮ್ಮ ಪುಣ್ಯ ಎಂದರು ಡಾಕ್ಟರಮ್ಮ. ಕಟ್ಟು ಬಿಚ್ಚಿ ಮನೆಗೆ ಬಂದ ಮಾವ ಹೊಸ್ತಿಲಲ್ಲೇ ನಿಂತರು. ಪರದೆ ನೋಡಿದರು. ಗೋಡೆ ನೋಡಿದರು. ತಮ್ಮ ಬನಿಯನ್ನನ್ನು ಎಳೆದು ನೋಡಿಕೊಂಡರು. ಆಮೇಲೆ ಶೆಡ್ಡಿಗೆ ಹೋಗಿ ಆ ಮೂಲೆಯನ್ನು ನೋಡಿ, "ಯಾವ ಹೊಲಸು ಮುಂಡೇಗಂಡ ಉಗಿದಿರೋದು ಇಲ್ಲಿ?" ಎಂದು ಕೇಳಿದರು. ನಾನು ನೀರಿನ ಬಕೆಟ್ಟು ತಂದು ಅವರ ಮುಂದೆ ಇಟ್ಟೆ.

ಕುರ್ಚಿಯನ್ನು ಅಂಗಳಕ್ಕೆ, ಬಿಸಿಲಿಗೆ ತರಿಸಿದರು. ಹಳೆಯದರ ಪಕ್ಕದಲ್ಲಿ ಹೊಸದು. ಬೆನ್ನಿನ ಕೆಳಗಿನ ಅರ್ಧದಲ್ಲಿ ಅವರ ಬಣ್ಣ ಹಾಗೇ ಇತ್ತು. ತುಂಬ ಹೊತ್ತು ನೋಡಿದರು. ಸುತ್ತ ಹೋಗಿ ಹಿಂದಿನಿಂದ ನೋಡಿದರು. ಮಗನ ಕಡೆ ತಿರುಗಲಿಲ್ಲ. ಆ ಮಧ್ಯಾಹ್ನದಿಂದ ಅವರು ಮಗನ ಜೊತೆ ಮಾತು ಬಿಟ್ಟಿದ್ದರು. ಅತ್ತೆಯ ಜೊತೆಯೂ. ಮನೆಯಲ್ಲಿ ಅವರು ಮಾತಾಡುತ್ತಿದ್ದದ್ದು ನನ್ನ ಜೊತೆ ಮಾತ್ರ, ಅದೂ ಬಯ್ಯಲು.

ಹೊಸ ಕುರ್ಚಿಯನ್ನು ಪೂರ್ತಿ ಒರೆಸಿ ಬೋಳು ಮಾಡಿದವರು ಅವರೇ. ಬಣ್ಣದ ಪುಡಿಗಳನ್ನು ತೆಗೆದುಕೊಂಡು ಬೆರೆಸುತ್ತ ಕೂತರು. ಒಂದು ಚೂರು ಹಚ್ಚುವುದು, ನೋಡುವುದು, ಒರೆಸುವುದು. ನನ್ನ ಗಂಡ ಅಂಗಳದ ಆ ತುದಿಯಲ್ಲಿ ಬೇರೆ ಯಾವುದೋ ಮೇಜಿನ ಕಾಲು ಉಜ್ಜುತ್ತಿದ್ದವರು, ಉಜ್ಜುವ ಕಾಗದ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಹತ್ತಿರ ಬಂದರು.

"ಕೆಂಪು ಇನ್ನೊಂದು ಚಿಟಿಕೆ ಬೇಕು," ಎಂದರು ಮಾವ ಗಾಳಿಗೆ ಹೇಳುವ ಹಾಗೆ.

ಅಷ್ಟು ವರ್ಷವೂ ಇಂಥ ಮಾತಿಗೆ ಮಗ ಹೂಂ ಅಪ್ಪ ಎಂದೇ ಹೇಳಿದ್ದು. ಈ ಸಲ ಬಗ್ಗಿ ನೋಡಿದರು.

"ಬೇಡ. ಈಗ್ಲೇ ಹೆಚ್ಚಾಗಿದೆ."

"ಏನಂದೆ?"

"ಹೆಚ್ಚಾಗಿದೆ ಅಂದೆ. ಹಳೇದನ್ನ ನೆರಳಲ್ಲಿಟ್ಟು ನೋಡು. ಇಷ್ಟು ಕೆಂಪಿಲ್ಲ ಅದು."

"ನನಗೆ ಕಲಿಸೋಕೆ ಬಂದ," ಎಂದು ಮಾವ ಹಳೆಯ ಕುರ್ಚಿಯನ್ನು ಕಾಲಿನಿಂದ ನೆರಳಿಗೆ ನೂಕಿದರು. ನೋಡಿದರು. ಒಂದು ಕಣ್ಣು ಮುಚ್ಚಿ, ಆಪರೇಷನ್ ಆದ ಕಣ್ಣಿನಿಂದ ಮತ್ತೆ ನೋಡಿದರು. ಒಪ್ಪಿದರೋ ಇಲ್ಲವೋ, ಪುಡಿಯ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ.

"ಎಷ್ಟು ಹೆಚ್ಚು?"

"ಒಂದು ಪದರದಷ್ಟು."

"ಅರ್ಧ ಪದರ."

"ಒಂದು."

"ಏಯ್, ನೀನು ಬಾ ಇಲ್ಲಿ," ಎಂದು ಮಾವ ನನ್ನನ್ನು ಕೂಗಿದರು. "ನೀನು ಹೇಳು."

"ನನ್ನ ಕೇಳಬೇಡಿ," ಅಂದೆ. ಮಗುವಿನ ಬಟ್ಟೆ ಹಿಂಡುತ್ತಿದ್ದೆ. ಅವರಿಬ್ಬರೂ ಕುರ್ಚಿಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು, ಅರ್ಧವೋ ಒಂದೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡುತ್ತಿದ್ದರು.